ಅಜ್ಜಿಯ ಒಂದು ದಿನವನ್ನು ಗಂಟೆಗಂಟೆಗೆ ಬರೆದು ನೋಡಿ

ಪ್ರಶ್ನೆ: ನನ್ನ ಅಜ್ಜಿ 96 ವರ್ಷ, ಅಜ್ಜ 91 ವರ್ಷ ಬದುಕಿದ್ದರು. ಜಿಮ್ ಅಂದರೆ ಏನೆಂದೇ ಅವರಿಗೆ ಗೊತ್ತಿರಲಿಲ್ಲ. ಕೊನೆಯವರೆಗೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ನನಗೆ 43. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ, ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಜಿಮ್. ಆದರೂ ನೆಲದಿಂದ ಏಳಬೇಕಾದರೆ ಕೈ ಊರಲೇಬೇಕು. ಅಪ್ಪನಿಗೆ 71, ಈಗಾಗಲೇ ಸೋಫಾದಿಂದ ಏಳಲು ಎರಡು ಸಲ ತೂಗಿಕೊಳ್ಳುತ್ತಾರೆ. ಅಜ್ಜ-ಅಜ್ಜಿಯ ಬದುಕಿನಿಂದ ನಾವು ನಿಜವಾಗಿ ಏನನ್ನು ತೆಗೆದುಕೊಳ್ಳಬಹುದು? ಅವರ ಆಯಸ್ಸು ನಮಗೆ ರಕ್ತದಲ್ಲೇ ಬಂದಿರುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆ ಬೇಗ ಮುಗಿಯುವಂಥದ್ದು, ಅದನ್ನೇ ಮೊದಲು ನೋಡೋಣ. 1870ರಿಂದ 1900ರ ನಡುವೆ ಹುಟ್ಟಿದ ಡೆನ್ಮಾರ್ಕಿನ ಅವಳಿಗಳ ಲೆಕ್ಕ ಹಾಕಿ 1996ರಲ್ಲಿ ಪ್ರಕಟವಾದ ಅಧ್ಯಯನ, ಆಯಸ್ಸಿನಲ್ಲಿ ವಂಶದ ಪಾಲು ಸುಮಾರು ಕಾಲುಭಾಗ ಎಂದಿತು. ಕೋಟ್ಯಂತರ ಜನರ ವಂಶವೃಕ್ಷ ಜಾಲಾಡಿದ 2018ರ ಇನ್ನೊಂದು ವಿಶ್ಲೇಷಣೆ ಅದನ್ನು ಹತ್ತನೇ ಒಂದು ಪಾಲಿಗಿಂತಲೂ ಕೆಳಗಿಳಿಸಿತು. ಲೆಕ್ಕ ಹಾಕುವ ಬಗೆ ಬದಲಾದರೆ ಈ ಅಂಕಿಯೂ ಏರಿಳಿಯುತ್ತದೆ, ವಾದ ಇನ್ನೂ ಮುಗಿದಿಲ್ಲ. ನೂರರ ಗಡಿ ದಾಟುವವರಲ್ಲಿ ವಂಶದ ಕೈ ಹೆಚ್ಚಿರುತ್ತದೆ. ಆದರೆ ಒಬ್ಬ ಅಜ್ಜಿಯಿಂದ ನಿಮಗೆ ಬರುವ ಡಿಎನ್‌ಎ ಸರಿಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಅದನ್ನೇ ನೆಚ್ಚಿಕೊಂಡು ಕುರ್ಚಿಯಲ್ಲಿ ಕೂತಿರುವುದು, ಅಜ್ಜ ಸಾಲ ತೀರಿಸಿದ್ದರು ಎಂದು ಮೊಮ್ಮಗ ಸಾಲ ಮಾಡಿದಂತೆ.

ಇನ್ನು ಮುಖ್ಯ ಪ್ರಶ್ನೆ. "ಸರಳ ಬದುಕು, ಮೈಮುರಿದು ದುಡಿತ, ಹಿತಮಿತ ಊಟ" ಎಂದು ಎಲ್ಲರೂ ತಮ್ಮ ಅಜ್ಜ-ಅಜ್ಜಿಯರ ಬಗ್ಗೆ ಹೇಳುತ್ತಾರೆ. ಈ ವರ್ಣನೆಯಿಂದ ನಯಾಪೈಸೆ ಉಪಯೋಗವಿಲ್ಲ, ಏಕೆಂದರೆ ಅದರಲ್ಲಿ ಎಣಿಸಬಹುದಾದದ್ದು ಏನೂ ಇಲ್ಲ. ಎಣಿಸಬೇಕಾದರೆ ಅವರ ಒಂದು ದಿನವನ್ನು ಬಿಡಿಸಿ ಬರೆಯಬೇಕು.

ಒಂದು ಹಾಳೆಯಲ್ಲಿ ಬೆಳಗಿನ 4ರಿಂದ ರಾತ್ರಿ 10ರವರೆಗೆ ಗಂಟೆಗೊಂದರಂತೆ 18 ಸಾಲು ಎಳೆಯಿರಿ. ನಾಲ್ಕು ಕಾಲಂ ಸಾಕು: ಏನು ಕೆಲಸ, ಮೈ ಯಾವ ಭಂಗಿಯಲ್ಲಿ, ಕೈಯಲ್ಲಿ ಎಷ್ಟು ಭಾರ, ಎಷ್ಟು ಹೊತ್ತು. ಆಮೇಲೆ ಆ ಮನೆಯಲ್ಲಿ ಬೆಳೆದವರನ್ನು, ಅಂದರೆ ನಿಮ್ಮ ಅಪ್ಪ, ಅತ್ತೆ, ದೊಡ್ಡಪ್ಪನನ್ನು ಕೂರಿಸಿಕೊಂಡು ಕೇಳಿ. "ಅಜ್ಜಿ ಹೇಗಿದ್ದರು?" ಎಂದು ಕೇಳಿದರೆ "ಗಟ್ಟಿಗಿತ್ತಿ, ಒಂದು ನಿಮಿಷ ಕೂತವರಲ್ಲ" ಎಂಬ ಉತ್ತರವೇ ಬರುತ್ತದೆ. "ನೀರು ಎಲ್ಲಿಂದ ಬರುತ್ತಿತ್ತು? ಅಲ್ಲಿಂದ ಒಳಮನೆಗೆ ಎಷ್ಟು ಹೆಜ್ಜೆ? ದಿನಕ್ಕೆ ಎಷ್ಟು ಕೊಡ? ಆ ಕೊಡ ಈಗಲೂ ಇದೆಯಾ?" ಎಂದು ಕೇಳಿ. ಕೊಡ ಸಿಕ್ಕಿದರೆ ನೀರು ತುಂಬಿ ತೂಕದ ಯಂತ್ರದ ಮೇಲಿಡಿ. ನೆನಪು ಅಂದಾಜು ಹೇಳುತ್ತದೆ, ಕೊಡ ಲೆಕ್ಕ ಹೇಳುತ್ತದೆ.

ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. 12 ಲೀಟರಿನ ಕೊಡ, 40 ಮೀಟರ್ ದೂರ, ದಿನಕ್ಕೆ 15 ಸಲ ಎಂದಿಟ್ಟುಕೊಳ್ಳಿ. ಭಾರ ಹೊತ್ತು 600 ಮೀಟರ್, ಬರಿಗೈಯಲ್ಲಿ ವಾಪಸು 600 ಮೀಟರ್. ಪಾತ್ರೆಯ ತೂಕ ಬಿಟ್ಟು ನೀರೊಂದೇ 180 ಕಿಲೋ. ಪ್ರತಿ ಕೊಡಕ್ಕೂ ಸೊಂಟ ಬಗ್ಗಿಸಬೇಕು, ಬೆರಳು ಬಿಗಿಯಬೇಕು, ತೊಡೆಯ ಬಲದಲ್ಲಿ ಮೇಲೇಳಬೇಕು, ಒಂದು ಕಡೆ ಎಳೆಯುವ ಭಾರಕ್ಕೆ ಎದುರಾಗಿ ನಡುವನ್ನು ನೆಟ್ಟಗೆ ಹಿಡಿಯಬೇಕು, ನೀರು ಚೆಲ್ಲದಂತೆ ಹೆಜ್ಜೆ ಹಾಕಬೇಕು, ಕೊನೆಗೆ ಸದ್ದಾಗದಂತೆ ಇಳಿಸಬೇಕು. ಇಳಿಸುವುದು ಎತ್ತುವುದಕ್ಕಿಂತ ಒಳ್ಳೆಯ ಕಸರತ್ತು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವಾಗ ಅದರ ಮೇಲೆ ಬೀಳುವ ಒತ್ತಡವೇ ಹೆಚ್ಚು. ಇಷ್ಟೆಲ್ಲ ಆದಮೇಲೂ ಇದು ದಿನದ ಒಂದೇ ಒಂದು ಕೆಲಸ, ಅದನ್ನು ಅವರು ಕಸರತ್ತು ಎಂದು ಎಣಿಸಿಯೂ ಇರಲಿಲ್ಲ.

ಹಾಳೆ ತುಂಬಿದಾಗ ಇನ್ನೊಂದು ಕಾಣುತ್ತದೆ. ನೆಲದ ಮೇಲಿನ ಕೆಲಸ ಇದ್ದ ಮನೆಯಲ್ಲಿ ದಿನಕ್ಕೆ 25-30 ಸಲ ನೆಲಕ್ಕೆ ಕೂತು ಎದ್ದದ್ದು ಸುಲಭವಾಗಿ ಲೆಕ್ಕಕ್ಕೆ ಸಿಗುತ್ತದೆ. ಒಟ್ಟು ಕೂತ ಹೊತ್ತು ಕಡಿಮೆ ಇರಲಿಕ್ಕಿಲ್ಲ, ಆದರೆ ಒಂದೇ ಕಡೆ ಒಂದೇ ಸಮನೆ ಅರ್ಧ ಗಂಟೆ ಕೂತದ್ದು ಅಪರೂಪ. ನಿಮ್ಮ ದಿನಕ್ಕೂ ಅವರ ದಿನಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ದುಡಿಮೆ ಎಷ್ಟು ಎನ್ನುವುದಕ್ಕಿಂತ ಅದು ದಿನದ ಉದ್ದಕ್ಕೂ ಹೇಗೆ ಚೆದುರಿತ್ತು ಎನ್ನುವುದನ್ನು ನೋಡಬೇಕು.

ಆದರೆ ಹಾಳೆಯನ್ನು ನಂಬುವ ಮೊದಲು ಮೂರು ಕಡೆ ಎಚ್ಚರ ಬೇಕು. ನೀವು ನೋಡಿದ್ದು ಎಪ್ಪತ್ತು ದಾಟಿದ ಅಜ್ಜಿಯನ್ನು. ಆ ಮೈ ಕಟ್ಟಿದ್ದು ಅದಕ್ಕೂ ನಲವತ್ತು-ಐವತ್ತು ವರ್ಷ ಮೊದಲು. ಮೂಳೆ ತನ್ನ ಗರಿಷ್ಠ ಗಟ್ಟಿತನವನ್ನು ಮೂವತ್ತರ ಆಸುಪಾಸಿನಲ್ಲೇ ಮುಟ್ಟಿಬಿಡುತ್ತದೆ. ನೀವು ಕಂಡದ್ದು ಬಡ್ಡಿ, ಅಸಲು ಕೂಡಿದ್ದು ನೀವು ಹುಟ್ಟುವ ಮೊದಲು. ಹಾಗಾಗಿ ಎರಡು ಹಾಳೆ ಮಾಡಿ, ಒಂದು ಅವರ 35ನೇ ವಯಸ್ಸಿನದು, ಇನ್ನೊಂದು 75ರದು.

ಎರಡನೆಯದು, ಉಳಿದವರನ್ನು ಮಾತ್ರ ನೋಡಿ ತೀರ್ಮಾನಿಸುವ ತಪ್ಪು. ಅಜ್ಜ-ಅಜ್ಜಿಯ ಒಡಹುಟ್ಟಿದವರ ಹೆಸರನ್ನೆಲ್ಲ ಬರೆದು, ಯಾರು ಎಷ್ಟು ವರ್ಷಕ್ಕೆ ಹೋದರು ಎಂದು ಪಕ್ಕದಲ್ಲಿ ಹಾಕಿ. ಅದೇ ನೀರು ಹೊತ್ತವರು, ಅದೇ ಊಟ ಉಂಡವರು, ಹೆರಿಗೆಯಲ್ಲೋ ಜ್ವರದಲ್ಲೋ ತೊಟ್ಟಿಲಲ್ಲೋ ಹೋಗಿರುತ್ತಾರೆ. ಆ ಕಾಲದ ಸರಾಸರಿ ಆಯಸ್ಸು ಅಷ್ಟು ಕಡಿಮೆ ಇದ್ದುದಕ್ಕೆ ಎಳೆಯ ಮಕ್ಕಳ ಸಾವೇ ದೊಡ್ಡ ಕಾರಣ. ಅರವತ್ತು ಮುಟ್ಟಿದವರು ಮುಂದೆಯೂ ಸಾಕಷ್ಟು ಕಾಲ ಬದುಕುತ್ತಿದ್ದರು. "ಆಗಿನವರೆಲ್ಲ ನೂರು ಬದುಕುತ್ತಿದ್ದರು" ಎನ್ನುವುದು ಉಳಿದವರು ಕಟ್ಟಿದ ಕಥೆ.

ಮೂರನೆಯದು ವಯಸ್ಸೇ. ಹುಟ್ಟಿದ ದಾಖಲೆ ಇಲ್ಲದ ಕಡೆ ವಯಸ್ಸು 80, 90, 95 ಎಂದು ದುಂಡಗಾಗಿಬಿಡುತ್ತದೆ, ಇಳಿವಯಸ್ಸಿನಲ್ಲಿ ವರ್ಷಕ್ಕೆ ಎರಡರಂತೆ ಏರುವುದೂ ಉಂಟು. ಹಿರಿಯ ಮಗುವಿನ ದಾಖಲೆ ಸಿಕ್ಕ ಹುಟ್ಟಿದ ವರ್ಷದಿಂದ ಹಿಂದಕ್ಕೆ ಲೆಕ್ಕ ಹಾಕಿ. ಹಿರಿಯ ಮಗಳು ಹುಟ್ಟಿದಾಗ ಅಜ್ಜಿಗೆ 34 ಎಂದು ಬಂದರೆ, ಅವರಿಗೆ ಮೊದಲು ಮಕ್ಕಳಾಗಿ ಉಳಿಯಲಿಲ್ಲವೇ ಎಂದು ವಿಚಾರಿಸಿ. ಹಾಗಿಲ್ಲದಿದ್ದರೆ 96 ಎನ್ನುವುದು 88 ಇದ್ದರೂ ಇರಬಹುದು. 88 ಕೂಡ ಸಣ್ಣದೇನಲ್ಲ, ಬೇಸರಪಡಬೇಡಿ.

ಈ ಜರಡಿಯಲ್ಲಿ ಸೋಸಿದ ಮೇಲೂ ಉಳಿಯುವುದು ಚೆದುರಿದ ಚಟುವಟಿಕೆ. ಇದಕ್ಕೆ ಹಳೆಯ ಆಧಾರವಿದೆ. ಲಂಡನ್ನಿನ ಬಸ್ಸುಗಳಲ್ಲಿ ದಿನವಿಡೀ ಕೂತಿರುವ ಚಾಲಕರನ್ನೂ ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರನ್ನೂ ಹೋಲಿಸಿ ಜೆರ್ರಿ ಮಾರಿಸ್ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಡಕ್ಟರರಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು. ಅದೇ ಮಾರಿಸ್ ಮುಂದೆ ಸಮವಸ್ತ್ರದ ಅಳತೆ ತೆಗೆದು ನೋಡಿದಾಗ, ಚಾಲಕರು ಕೆಲಸಕ್ಕೆ ಸೇರುವಾಗಲೇ ಸೊಂಟದಲ್ಲಿ ದಪ್ಪಗಿದ್ದದ್ದು ಗೊತ್ತಾಯಿತು. ಅಂದರೆ ಪೂರ್ತಿ ಶ್ರೇಯಸ್ಸು ಮೆಟ್ಟಿಲಿಗೆ ಹೋಗುವುದಿಲ್ಲ, ಆದರೆ ದೊಡ್ಡ ಪಾಲು ಹೋಗುತ್ತದೆ. 2005ರಲ್ಲಿ ಜೇಮ್ಸ್ ಲೆವಿನ್ ತಂಡ ತೆಳ್ಳಗಿನ 10 ಜನರನ್ನೂ ಸ್ಥೂಲಕಾಯದ 10 ಜನರನ್ನೂ ಅಳೆದಾಗ, ಎರಡನೆಯ ಗುಂಪು ದಿನಕ್ಕೆ ಸುಮಾರು 2 ಗಂಟೆ ಹೆಚ್ಚು ಕೂತಿರುತ್ತಿತ್ತು. ಅದರ ಬೆಲೆ ದಿನಕ್ಕೆ ಸುಮಾರು 350 ಕ್ಯಾಲರಿ.

ಹಾಗೆಂದು ಜಿಮ್ ಬಿಡಬೇಡಿ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರಲ್ಲೂ ದಿನಾ 60ರಿಂದ 75 ನಿಮಿಷ ಚುರುಕಾಗಿ ನಡೆದಷ್ಟು ಚಟುವಟಿಕೆ ಇದ್ದವರಿಗೆ ಕೂರುವುದರಿಂದ ಬರುವ ಹೆಚ್ಚುವರಿ ಸಾವಿನ ಅಪಾಯ ಕಾಣಲಿಲ್ಲ. ನಿಮ್ಮದು ವಾರಕ್ಕೆ ನಾಲ್ಕೇ ದಿನ, ಜೊತೆಗೆ ಜಿಮ್‌ನ ಎಷ್ಟೋ ಯಂತ್ರಗಳ ಮೇಲೆ ಕೂತೇ ದಬ್ಬಬೇಕು, ಕೂತೇ ಎಳೆಯಬೇಕು. ನೆಲದಿಂದ ನಿಲ್ಲುವವರೆಗಿನ ಆ ಒಂದು ಮೀಟರ್ ಏರನ್ನು ಅಲ್ಲಿ ಯಾವ ಯಂತ್ರವೂ ಕಲಿಸುವುದಿಲ್ಲ. ನೀವು ಕೈ ಊರುವುದಕ್ಕೆ ಕಾರಣ ಬಲದ ಕೊರತೆಗಿಂತ ರೂಢಿ ತಪ್ಪಿದ್ದು.

ಅಲ್ಲಿಂದಲೇ ಶುರು ಮಾಡಿ. ಗೋಡೆಯ ಪಕ್ಕ, ಬರಿಗಾಲಲ್ಲಿ, ಜಾರದ ನೆಲದ ಮೇಲೆ. ಮೊದಲು ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿಯಿಂದ ಕೈ ಬಳಸದೆ ಏಳುವುದು: 10 ಸಲ, ಬೆಳಿಗ್ಗೆ ಸಂಜೆ. ಅದು ಹಗುರವಾದ ಮೇಲೆ 30 ಸೆಂ.ಮೀ.ನ ಸ್ಟೂಲ್, ಆಮೇಲೆ 20 ಸೆಂ.ಮೀ.ನ ಮಣೆ ಅಥವಾ ಗಟ್ಟಿ ದಿಂಬು, ಕೊನೆಗೆ ನೆಲ. ಒಂದೊಂದು ಮೆಟ್ಟಿಲಿಗೆ ಎರಡು ವಾರ ಕೊಡಿ. ಇಳಿಯುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸಿ. ಹೆಚ್ಚಿನವರು ಕೆಡುವುದು ಇಲ್ಲೇ: ಅರ್ಧ ದಾರಿಯಲ್ಲಿ ತೊಡೆ ಕೈಕೊಟ್ಟು ಧೊಪ್ಪನೆ ಕುಸಿಯುತ್ತಾರೆ, ಬೆನ್ನುಮೂಳೆಗೆ ಪೆಟ್ಟು ಬೀಳುತ್ತದೆ. ಧೊಪ್ಪೆಂದರೆ ಆ ಎತ್ತರ ಇನ್ನೂ ನಿಮ್ಮದಾಗಿಲ್ಲ, ಹಿಂದಿನದಕ್ಕೆ ಹೋಗಿ. ಏಳುವಾಗ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಸ್ನಾಯು ಸಡಿಲ ಎಂದರ್ಥ, ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೆ ಬರುವಂತೆ ಹೊರಕ್ಕೆ ದೂಡಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಸರ್ರನೆ ಏರುತ್ತದೆ, ಏಳುವಾಗ ಉಸಿರು ಬಿಡಿ. ಹಿಮ್ಮಡಿ ನೆಲಕ್ಕೆ ತಾಗದೆ ಮೇಲೇಳುತ್ತಿದ್ದರೆ ಮೀನಖಂಡ ಬಿಗಿದಿದೆ, ಮಡಚಿದ ಟವೆಲ್ ಮೇಲೆ ಹಿಮ್ಮಡಿ ಇಟ್ಟು ಮಾಡಿ, ತಿಂಗಳೊಳಗೆ ಟವೆಲ್ ತೆಳುವಾಗಿಸುತ್ತಾ ಬನ್ನಿ.

ಈ ಏಳುವ ಬಗೆಯನ್ನು ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ತಂಡ 51ರಿಂದ 80 ವರ್ಷದ 2002 ಜನರಲ್ಲಿ 10 ಅಂಕದ ಪರೀಕ್ಷೆಯಾಗಿ ಅಳೆದು, 2012ರಲ್ಲಿ ಪ್ರಕಟಿಸಿತು. ಕೂರಲು 5, ಏಳಲು 5. ಕೈ, ಮೊಣಕೈ, ಮಂಡಿ ಯಾವುದನ್ನೇ ಊರಿದರೂ ಪ್ರತಿ ಸಲಕ್ಕೆ 1 ಕಳೆಯಿರಿ, ತೂರಾಡಿದರೆ ಅರ್ಧ. ಮೂರು ಅಂಕದೊಳಗೆ ಇದ್ದವರಲ್ಲಿ ಮುಂದಿನ ವರ್ಷಗಳ ಸಾವು, 8 ಅಥವಾ ಅದಕ್ಕಿಂತ ಹೆಚ್ಚು ಪಡೆದವರದಕ್ಕಿಂತ ಐದಾರು ಪಟ್ಟು ಇತ್ತು. ಹೆದರಬೇಡಿ, ಕಾಯಿಲೆ ಇದ್ದವರಿಗೂ ಅಂಕ ಕಡಿಮೆಯೇ ಬರುತ್ತದೆ, ಪರೀಕ್ಷೆ ಯಾರನ್ನೂ ಕೊಲ್ಲುವುದಿಲ್ಲ. 43ಕ್ಕೆ 8 ನಿಮ್ಮ ಗುರಿಯಾಗಲಿ.

ಎರಡನೆಯದು ಹೊರುವುದು. ಎರಡೂ ಕೈಯಲ್ಲಿ ಒಂದೊಂದು ಚೀಲ, ಒಂದರ ತೂಕ ನಿಮ್ಮ ತೂಕದ ನೂರಕ್ಕೆ ಐದು. 70 ಕಿಲೋ ಇದ್ದರೆ ಮೂರೂವರೆ ಕಿಲೋ. 20 ಮೀಟರ್ ನಡೆದು, ಇಳಿಸಿ, ಉಸಿರಾಡಿ, ಮತ್ತೆ. ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಎರಡು ವಾರಕ್ಕೊಮ್ಮೆ ಪ್ರತಿ ಚೀಲಕ್ಕೆ 1 ಕಿಲೋ ಏರಿಸಿ. ಹಿಡಿ ತೆಳ್ಳಗಿದ್ದರೆ ಬೆರಳು ಕೊಯ್ದಂತಾಗಿ ಬಲ ಮುಗಿಯುವ ಮೊದಲೇ ಕೈಬಿಡುತ್ತೀರಿ, ಬಟ್ಟೆ ಸುತ್ತಿ ದಪ್ಪ ಮಾಡಿ. ಭುಜ ಕಿವಿಯ ಕಡೆ ಏರಿದರೆ ಮರುದಿನ ಕತ್ತು ನೋಯುತ್ತದೆ. ಒಂದೇ ಕೈಯಲ್ಲಿ ಹೊರುವುದಾದರೆ ಪ್ರತಿ ಸುತ್ತಿಗೂ ಕೈ ಬದಲಿಸಿ. ಮುಷ್ಟಿಯ ಬಿಗಿಯನ್ನು ಕಡೆಗಣಿಸಬೇಡಿ. 17 ದೇಶಗಳ ಸುಮಾರು 1,40,000 ಜನರನ್ನು ನೋಡಿದ 2015ರ ಅಧ್ಯಯನದಲ್ಲಿ ಮುಷ್ಟಿಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ನೂರಕ್ಕೆ 16ರಷ್ಟು ಹೆಚ್ಚು ಕಂಡಿತ್ತು. ರಬ್ಬರ್ ಚೆಂಡು ಹಿಚುಕುವುದರಿಂದ ಆಯಸ್ಸು ಬರುವುದಿಲ್ಲ, ಮುಷ್ಟಿ ಇಡೀ ಮೈಯ ಬಲಕ್ಕೆ ಹಿಡಿದ ಕನ್ನಡಿ ಅಷ್ಟೆ. ಆದ್ದರಿಂದಲೇ ಹೊರಬೇಕು ಎನ್ನುವುದು.

ಮೂರನೆಯದು ಕುರ್ಚಿಯನ್ನು ಒಡೆಯುವುದು. 2012ರ ಒಂದು ಪ್ರಯೋಗದಲ್ಲಿ 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಡೆದವರ ಊಟದ ನಂತರದ ಸಕ್ಕರೆ ಮತ್ತು ಇನ್ಸುಲಿನ್, ಒಂದೇ ಸಮನೆ ಕೂತಾಗಿನದಕ್ಕಿಂತ ಸ್ಪಷ್ಟವಾಗಿ ಇಳಿದವು. 20 ನಿಮಿಷ ಕಷ್ಟವಾದರೆ 40 ಇರಲಿ. ಅಲಾರಂ ಇಟ್ಟುಕೊಂಡವರು ಮೂರನೇ ದಿನಕ್ಕೆ ಅದನ್ನು ಆರಿಸಿಬಿಡುತ್ತಾರೆ. ಅದರ ಬದಲು ಕೆಲಸವನ್ನೇ ದೂರ ಇಡಿ: ಚಿಕ್ಕ ಲೋಟದಲ್ಲಿ ನೀರು ಇಟ್ಟುಕೊಂಡರೆ ತುಂಬಿಸಲು ತಾನಾಗಿ ಏಳಬೇಕಾಗುತ್ತದೆ, ಫೋನ್ ಬಂದರೆ ನಿಂತು ಮಾತಾಡಿ, ಚಾರ್ಜರ್ ಇನ್ನೊಂದು ಕೋಣೆಯಲ್ಲಿರಲಿ. ಅಜ್ಜಿಯನ್ನು ಎಬ್ಬಿಸುತ್ತಿದ್ದದ್ದು ಶಿಸ್ತಲ್ಲ, ಬೇಕಾದ ವಸ್ತು ಕೈಗೆಟುಕದಿದ್ದದ್ದು.

ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 10,000 ಹೆಜ್ಜೆ ಎಂಬ ಅಂಕಿ ಹುಟ್ಟಿದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕಿಟ್ಟ ಹೆಸರಿನಿಂದ, ವೈದ್ಯಕೀಯದಿಂದಲ್ಲ. ಅರವತ್ತು ದಾಟಿದವರಲ್ಲಿ 6,000ದಿಂದ 8,000 ಹೆಜ್ಜೆಯ ಹೊತ್ತಿಗೆ ಲಾಭ ಸಮತಟ್ಟಾಗುತ್ತದೆ.

ಊಟ, ನಿದ್ದೆ, ಒಡನಾಟವೂ ಲೆಕ್ಕಕ್ಕೆ ಬರುತ್ತವೆ, ಆದರೆ ಇಲ್ಲಿಯೇ ಹಳೆಯ ಬದುಕನ್ನು ಕುರುಡಾಗಿ ಅನುಸರಿಸಬಾರದು. "ಹಿತಮಿತ ಊಟ" ಎನ್ನುವುದು ಎಷ್ಟೋ ಮನೆಗಳಲ್ಲಿ ಇಲ್ಲದಿರುವಿಕೆಯ ಮರ್ಯಾದೆಯ ಹೆಸರು. ವಯಸ್ಸಾದ ಸ್ನಾಯುವಿಗೆ ಪ್ರೋಟೀನ್ ಹೆಚ್ಚೇ ಬೇಕು. 65 ದಾಟಿದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರು ಹೇಳಿದಷ್ಟು. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ. ಒಲೆಯ ಹೊಗೆ, ನೋವನ್ನು ನುಂಗಿಕೊಂಡು ದುಡಿಯುವುದು, ರಕ್ತದೊತ್ತಡ ಒಮ್ಮೆಯೂ ಅಳೆಸದಿರುವುದು, ಇವುಗಳನ್ನು ದಾಟಿಯೂ ಅವರು ಬದುಕಿದರು. ಇವುಗಳಿಂದಾಗಿ ಬದುಕಲಿಲ್ಲ.

ಇನ್ನು ನಿಮ್ಮ ಅಪ್ಪ. ಎರಡು ಸಲ ತೂಗಿಕೊಂಡು ಏಳುವುದರಲ್ಲಿ ಅರ್ಧ ತಪ್ಪು ಸೋಫಾದ್ದು. ಮೆತ್ತಗಿನ ತಗ್ಗು ಆಸನದಲ್ಲಿ ಸೊಂಟ ಮಂಡಿಗಿಂತ ಕೆಳಗೆ ಇಳಿಯುತ್ತದೆ, ಆ ಕೋನದಿಂದ ಏಳಲು ತೊಡೆಗೆ ಹೆಚ್ಚು ಕೆಲಸ. ಗಟ್ಟಿ ದಿಂಬು ಹಾಕಿ ಸೊಂಟ ಮಂಡಿಗಿಂತ ಸ್ವಲ್ಪ ಮೇಲೆ ಬರುವಂತೆ ಮಾಡಿ. ಏಳುವ ಕ್ರಮ ಹೀಗಿರಲಿ: ಅಂಚಿಗೆ ಸರಿಯುವುದು, ಪಾದಗಳನ್ನು ಮಂಡಿಗಿಂತ ಒಂದು ಗೇಣು ಹಿಂದಕ್ಕೆಳೆಯುವುದು, ಮೂಗು ಕಾಲ್ಬೆರಳಿನ ನೇರ ಬರುವಷ್ಟು ಮುಂದೆ ಬಾಗುವುದು, ಆಮೇಲೆ ಏಳುವುದು. ಹಿಂದಕ್ಕೆ ಒರಗಿಕೊಂಡೇ ಏಳಲು ನೋಡುವುದು ಸಾಮಾನ್ಯ ತಪ್ಪು, ಭಾರ ಪಾದದ ಮೇಲೆ ಬಂದೇ ಇರುವುದಿಲ್ಲ.

ಅವರ ಬಲ ಅಳೆಯಲು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಅಡ್ಡಹಾಕಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 70-74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಒಂದು ಸಲವೂ ಕೈಯಿಲ್ಲದೆ ಏಳಲಾಗದಿದ್ದರೆ ಅಂಕ ಸೊನ್ನೆ, ಆಗ ದಿಂಬು ಇಟ್ಟು ಎತ್ತರಿಸಿದ ಆಸನದಿಂದ ದಿನಕ್ಕೆ ಮೂರು ಹೊತ್ತು ಐದೈದು ಸಲ ಸಾಕು. ಒಟ್ಟಿಗೆ ಹದಿನೈದು ಮಾಡಿಸಿದರೆ ಕೊನೆಯ ಐದು ಕೆಟ್ಟ ರೂಢಿ ಕಲಿಸುತ್ತವೆ. ಇದರ ಜೊತೆ ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಒಂದೊಂದು ಕಾಲಿಗೆ 10 ಸೆಕೆಂಡು, ದಿನಾ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಎದ್ದ ಮೇಲೆ ಒಂದು ನಿಮಿಷ ನಿಂತು ತಲೆ ತಿರುಗದು ಎಂದಾದ ಮೇಲೆ ಹೆಜ್ಜೆ ಇಡಲಿ. ಎರಡು ದಿನದ ಮೈಕೈ ನೋವು ಸಹಜ. ಕೀಲು ಊದುವುದು, ಎದೆ ಬಿಗಿಯುವುದು, ಒಂದೇ ಕಾಲು ಬಾತುಕೊಳ್ಳುವುದು ಸಹಜವಲ್ಲ, ಆ ಕ್ಷಣವೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ವಯಸ್ಸಾಯಿತು, ಇನ್ನೇನು ಪ್ರಯೋಜನ ಎನ್ನುವವರಿಗೆ ಒಂದು ಅಂಕಿ. ಮಾರಿಯಾ ಫಿಯಾಟರೋನ್ ತಂಡ ಸರಾಸರಿ 90 ವರ್ಷದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿ 1990ರಲ್ಲಿ ವರದಿ ಮಾಡಿತು. ಒಬ್ಬರು ನಡುವೆ ಬಿಟ್ಟರು, ಉಳಿದವರ ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತ್ತು. ಇದರ ತಿರುಗುಮುರುಗು ಚಿತ್ರವೂ ಇದೆ: ಆರೋಗ್ಯವಾಗಿದ್ದ, ಸರಾಸರಿ 67 ವರ್ಷದವರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು.

ಹಾಗಾಗಿ "ನೀವು ಕೂತಿರಿ ಅಪ್ಪಾ, ನಾನು ತರ್ತೀನಿ" ಎನ್ನುವ ಪ್ರೀತಿಯನ್ನು ಸ್ವಲ್ಪ ಬಿಗಿಹಿಡಿಯಿರಿ. ಅವರ ಬಟ್ಟೆ ಅವರೇ ಮಡಚಲಿ, ಗಿಡಕ್ಕೆ ನೀರು ಅರ್ಧ ಬಕೆಟ್ಟಿನಂತೆ ಅವರೇ ಹೊತ್ತು ಹಾಕಲಿ, ದಿನಪತ್ರಿಕೆ ಬಾಗಿಲಲ್ಲೇ ಇರಲಿ. ಬಚ್ಚಲಲ್ಲಿ ಹಿಡಿಕೆ, ಮೆಟ್ಟಿಲಿಗೆ ಬೆಳಕು, ಜಾರುವ ಕಾಲೊರಸು ಎತ್ತಿಡುವುದು, ಇವಿಷ್ಟು ನಿಮ್ಮ ಪಾಲಿನ ಕೆಲಸ. ಎಂಟು ವಾರದ ನಂತರ ಅದೇ ಕುರ್ಚಿ, ಅದೇ ಗೋಡೆ, ಮತ್ತೆ 30 ಸೆಕೆಂಡು. ಎರಡಾದರೂ ಹೆಚ್ಚಿರಬೇಕು. ತಪ್ಪದೆ ಮಾಡಿಯೂ ಅಂಕಿ ಅಲ್ಲೇ ನಿಂತಿದ್ದರೆ ಅಥವಾ ಇಳಿದಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ವಿಟಮಿನ್ ಡಿ, ಬಿ12, ಥೈರಾಯ್ಡ್, ಸಕ್ಕರೆ, ಕೊಲೆಸ್ಟರಾಲ್ ಮಾತ್ರೆಯಿಂದ ಬರುವ ಸ್ನಾಯುನೋವು, ಬೆನ್ನುಹುರಿಯ ಮೇಲಿನ ಒತ್ತಡ, ಇವನ್ನು ಒಂದೊಂದಾಗಿ ತಪಾಸಣೆ ಮಾಡಿಸಿ. ವೈದ್ಯರ ಬಳಿ ಹೋಗುವಾಗ ಎರಡೂ ಸಲದ ಎಣಿಕೆಯನ್ನು ತಾರೀಖಿನೊಂದಿಗೆ ಬರೆದುಕೊಂಡು ಹೋಗಿ.